ಒಲೆಯ ಮೇಲೆ ಒಣಗಿದ ರ‍್ಯಾಕೆಟ್

ಟೆನಿಸ್ ರ‍್ಯಾಕೆಟ್ಟಿನ ತಂತಿಯನ್ನು ಕುರಿಯ ಕರುಳಿನಿಂದ ಮಾಡುತ್ತಾರೆಂದು ಆಯಿಗೆ, ಎಂದರೆ ನನ್ನ ತಾಯಿಗೆ, ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅಂದಿನಿಂದ ಶಿರಸಿಯ ನಮ್ಮ ಬಾಡಿಗೆ ಮನೆಯೊಳಗೆ ನನ್ನ ರ‍್ಯಾಕೆಟ್ಟಿಗೆ ಪ್ರವೇಶವಿಲ್ಲ. ಜಗಲಿಯ ಮೊಳೆಯೇ ಅದಕ್ಕೆ ಗತಿ. ನಾನು ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ಕ್ಲಬ್ಬಿನ ಮಣ್ಣಿನ ಅಂಗಳದಲ್ಲಿ ಆಟ. ಆಗಿನ ರ‍್ಯಾಕೆಟ್ ಎಂದರೆ ತೆಳು ಮರದ ಪಟ್ಟಿಗಳನ್ನು ಬಗ್ಗಿಸಿ ಅಂಟು ಹಾಕಿದ್ದು. ತೇವ ತಾಗಿದರೆ ಸೊಟ್ಟಗಾಗುತ್ತಿತ್ತು. ಅದಕ್ಕೆಂದೇ ತಿರುಪುಗಳಿದ್ದ ಮರದ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದೆ. ಮರವೇನೋ ಉಳಿಯಿತು. ಕರುಳಿನ ತಂತಿ ಮಾತ್ರ ಜಗಲಿಯ ಥಂಡಿಗೆ ಉಬ್ಬಿ, ಎಳೆಎಳೆಯಾಗಿ, ಆಟದ ನಡುವೆ ಪಟ್ಟನೆ ಹರಿಯುತ್ತಿತ್ತು. ಹೊಸದು ಹಾಕಿಸಲು ಹುಬ್ಬಳ್ಳಿಗೇ ಕಳಿಸಬೇಕು. ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಅಷ್ಟರಲ್ಲಿ ನೈಲಾನ್ ತಂತಿ ಬಂತು. ಕ್ಲಬ್ಬಿನ ಹಿರಿಯರು ಮೂಗು ಮುರಿದರು. ಅದರಲ್ಲಿ ಹೊಡೆದರೆ ಚೆಂಡಿಗೆ ಜೀವವೇ ಇರುವುದಿಲ್ಲವಂತೆ. ಇಲ್ಲದಿದ್ದರೆ ಇಲ್ಲ ಎಂದು ಹಾಕಿಸಿದೆ. ಇದು ಕಾರ್ಖಾನೆಯ ದಾರ, ಯಾವ ಪ್ರಾಣಿಯದ್ದೂ ಅಲ್ಲ ಎಂದು ಆಯಿಗೆ ಬಿಡಿಸಿ ಹೇಳಿದೆ. ಮೂಸಿ ನೋಡಿ ಒಳಗೆ ಬಿಟ್ಟುಕೊಂಡಳು.

ಆ ವರ್ಷ ಕಾರವಾರದ ಪಂದ್ಯಾವಳಿಯಲ್ಲಿ ಆಡಲು ಕ್ಲಬ್ಬಿನಿಂದ ಒಬ್ಬನನ್ನು ಆರಿಸುವವರಿದ್ದರು. ನಾನು, ಇಲ್ಲವೇ ಯಲ್ಲಾಪುರದಿಂದ ಆಡಲು ಬರುತ್ತಿದ್ದ ಅರಣ್ಯ ಇಲಾಖೆಯ ರೇಂಜರು. ಹೇಗಾದರೂ ನಾನೇ ಹೋಗಬೇಕೆಂದು ಹಟ ಹಿಡಿದಿದ್ದೆ. ಆಯ್ಕೆಗೆಂದು ಇಟ್ಟಿದ್ದ ನಮ್ಮಿಬ್ಬರ ಪಂದ್ಯದ ಹಿಂದಿನ ವಾರ ಕಚೇರಿ ಕೆಲಸಕ್ಕೆ ಸಿದ್ದಾಪುರಕ್ಕೆ ಹೋಗಬೇಕಾಯಿತು. ಪಂದ್ಯದ ಬೆಳಿಗ್ಗೆ ಮರಳಿ ಬಂದು ನೋಡಿದರೆ ಕೋಣೆಯಲ್ಲಿ ರ‍್ಯಾಕೆಟ್ ಇಲ್ಲ.

"ಥಂಡಿ ಹಿಡಿಯದು ಬ್ಯಾಡ ಹೇಳಿ ಆನೇ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದಿ, ತಮಾ," ಎಂದಳು ಆಯಿ. "ಈಗ ಬೆಚ್ಚಗಿದ್ದು."

ನಮ್ಮಲ್ಲಿ ಕೆಡಬಾರದ್ದೆಲ್ಲ ಆ ಅಟ್ಟಕ್ಕೇ ಏರುವುದು. ಮುರುಗಲು ಸಿಪ್ಪೆ, ಕೊಬ್ಬರಿಗಳ ಜೊತೆ ನನ್ನ ರ‍್ಯಾಕೆಟ್ಟೂ ಹೊಗೆ ಕುಡಿಯುತ್ತಿತ್ತು. ಗಾಳಿಯಾಡಲೆಂದು ಚೌಕಟ್ಟನ್ನೂ ಬಿಚ್ಚಿಟ್ಟಿದ್ದಳು. ಕಾವಿಗೆ ಅಂಟು ಬಿಟ್ಟು ಪಟ್ಟಿಗಳೆಲ್ಲ ಬಾಯಿ ತೆರೆದಿದ್ದವು. ಅವಳ ಮುಖ ನೋಡಿ ಬೈಯಲೂ ಆಗಲಿಲ್ಲ. ಕ್ಲಬ್ಬಿನಲ್ಲಿ ಯಾರದ್ದೋ ರ‍್ಯಾಕೆಟ್ ಎರವಲು ಪಡೆದು ಆಡಿ ಸೋತೆ. ರೇಂಜರು ಕಾರವಾರಕ್ಕೆ ಹೋದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ರೇಂಜರು ಮುಂಬಯಿಯಿಂದ ಉಕ್ಕಿನ ರ‍್ಯಾಕೆಟ್ ತರಿಸಿಕೊಂಡು, ತೋರಿಸಲು ನಮ್ಮ ಮನೆಗೇ ಬಂದರು. ಸೊಟ್ಟಗಾಗುವ ಭಯವಿಲ್ಲ, ಬಿಗಿದಿಡುವ ಚೌಕಟ್ಟು ಬೇಕಿಲ್ಲ. ನನಗೆ ಅಷ್ಟರಲ್ಲಿ ಭುಜ ಹಿಡಿದುಕೊಂಡು ಆಟವೇ ನಿಂತುಹೋಗಿತ್ತು. ಆಯಿ ಅದನ್ನು ಬೆರಳಿನಿಂದ ಬಡಿದು ನೋಡಿದಳು.

"ಮೊದಲೇ ಇಂಥದ್ದು ತರಲಾಗಿತ್ತು ಅಲ್ದಾ, ತಮಾ," ಎಂದಳು. "ಒಲೆ ಮೇಲೆ ಇಟ್ಟರೂ ಎಂತೂ ಆಗ್ತಿತ್ತಿಲ್ಲೆ."