ವಾಪಿಮ್ ಕರೆದ ಹೆಸರು

ಸಸ್ಕ್ವೆಹಾನ ಹೊಳೆಯ ದಂಡೆಯಲ್ಲಿ ಬಿಳಿಯ ವ್ಯಾಪಾರಿ ಯೋಸ್ಟ್ ಹೆಲ್ಮನ, ಮರದ ದಿಮ್ಮಿಗಳಲ್ಲಿ ಕಟ್ಟಿದ ಅಂಗಡಿ ಇತ್ತು. ಆ ನೆಲದ ಮೂಲನಿವಾಸಿಗಳಾದ ಲೆನಾಪೆ ಬೇಟೆಗಾರರು ಜಿಂಕೆ ತೊಗಲು, ಬೀವರ್ ತೊಗಲು ತಂದು ಹಾಕಿ ಮದ್ದುಗುಂಡು, ಉಪ್ಪು, ಕಂಬಳಿ ಒಯ್ಯುತ್ತಿದ್ದರು. ಅವನಿಗೆ ಅವರ ಮಾತು ಬರುತ್ತಿತ್ತು. ಹಾಗಾಗಿ ಬಿಳಿಯರ ಹಂದಿ ಕಳೆದರೂ, ಲೆನಾಪೆಯವರ ಜೋಳದ ಹೊಲ ತುಳಿದುಹೋದರೂ ನಡುವೆ ನಿಲ್ಲುವವನು ಅವನೇ. ಎರಡೂ ಕಡೆಯವರು ಬೈಯುತ್ತಿದ್ದುದೂ ಅವನನ್ನೇ.

ಆ ವಸಂತದಲ್ಲಿ, ಹೊಸದಾಗಿ ಕಾಡು ಕಡಿದು ನೆಲೆಸಿದ ಡನಿಂಗ್ ಎಂಬ ಬಿಳಿಯ, ಲೆನಾಪೆ ಮುದುಕಿ ವಾಪಿಮಳ ಹಿರಿಮಗ ತನ್ನ ಕುದುರೆ ಕದ್ದನೆಂದು ಅವನನ್ನು ಗುಂಡಿಕ್ಕಿ ಕೊಂದ. ಲೆನಾಪೆಯವರ ಕಟ್ಟಳೆಯಂತೆ ಕೊಂದವನ ಕಡೆಯವರು ಹೋಗಿ ಸತ್ತವನಿಗೆ ಕಂಬಳಿ ಹೊದಿಸಬೇಕು, ಚಿಪ್ಪಿನ ಸರ ಇಟ್ಟು ತಾಯಿಯ ಕಣ್ಣೀರು ಒರೆಸಬೇಕು. ಇಲ್ಲದಿದ್ದರೆ ಸೇಡು ತಣಿಯದು.

ಯೋಸ್ಟ್ ಹೋಗಿ ಇದನ್ನು ಹೇಳಿದಾಗ ಡನಿಂಗ್ ನಕ್ಕ. "ಕಾಡಿನವ್ನು ಸತ್ರೆ ನಾನ್ಯಾಕಯ್ಯ ಕಂಬಳಿ ಕೊಡ್ಲಿ? ನಿನ್ ಕರುಳು ಚುರುಕ್ ಅಂತಿದ್ರೆ ನೀನೇ ಹೊದಿಸು ಹೋಗು."

ಯೋಸ್ಟ್ ಹಾಗೇ ಮಾಡಿದ. ಅಂಗಡಿಯಲ್ಲಿದ್ದುದನ್ನೆಲ್ಲ ಹೊತ್ತೊಯ್ದು ವಾಪಿಮಳ ಮುಂದೆ ಹರಡಿ, "ಕೊಂದವ್ನು ನನ್ ತಮ್ಮ ಅಂತ ತಿಳ್ಕೋ ಅವ್ವಾ" ಎಂದ. ಕಣಿವೆ ತಣ್ಣಗಾಯಿತು.

ಎಲೆ ಉದುರುವ ಹೊತ್ತಿಗೆ ಡನಿಂಗ್ ಅವಳ ಕಿರಿಮಗನನ್ನೂ ಕೊಂದ.

ಯೋಸ್ಟನ ಹೆಂಡತಿ ಎಲ್ಸ್‌ಬೆತ್ ಗಂಟು ಕಟ್ಟತೊಡಗಿದಳು. "ಯಾರೋ ಮಾಡಿದ್ದಕ್ಕೆ ನೀವು ತಲೆ ಕೊಡ್ತೀರಾ? ನಡೀರಿ, ಎಲ್ಲಾದ್ರೂ ಹೋಗ್ಬಿಡೋಣ."

"ತಮ್ಮ ಅಂತ ನನ್ ಬಾಯಲ್ಲೇ ಹೇಳಿದೀನಿ ಕಣೇ. ನಾನು ಹೋಗ್ದಿದ್ರೆ ಈ ಕಣಿವೇಲಿ ಒಂದು ಮನೇನೂ ಉಳಿಯಲ್ಲ."

ಬರಿಗೈಯಲ್ಲಿ ಹೋದ. ವಾಪಿಮ್ ಮುಖಕ್ಕೆ ಸೂತಕದ ಮಸಿ ಬಳಿದುಕೊಂಡು ಬೆಂಕಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ಅವನ ತೊಡೆಯ ಮೇಲೆ ಕೊಡಲಿ.

"ಈ ಸಲ ಏನ್ ತಂದೆಯೋ ವ್ಯಾಪಾರಿ?" ಎಂದ ಅವನು. "ಹುಳ ತಿಂದ ಕಂಬಳೀನಾ?"

"ಏನೂ ಉಳಿದಿಲ್ಲಣ್ಣ. ನಾನೇ ಬಂದಿದೀನಿ."

ಸತ್ತವನ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಅವನ ಜಾಗಕ್ಕೆ ಇನ್ನೊಬ್ಬನನ್ನು ಮಗನಾಗಿ ತಂದುಕೊಂಡಾಗ ಮಾತ್ರ ಆ ಹೆಸರು ಮತ್ತೆ ಬಾಯಿಗೆ ಬರುತ್ತದೆ. ಬಂದವನನ್ನು ಕೊಲ್ಲಿಸುವುದೋ, ಮಗನಾಗಿ ಇಟ್ಟುಕೊಳ್ಳುವುದೋ ತಾಯಿಗೆ ಬಿಟ್ಟದ್ದು. ಯೋಸ್ಟ್ ಅವಳ ತುಟಿಯನ್ನೇ ನೋಡುತ್ತ ಕೂತ.

ಮುದುಕಿ ಅವನ ನರೆತ ಗಡ್ಡ ಹಿಡಿದು ಮುಖವನ್ನು ಅತ್ತಿತ್ತ ಹೊರಳಿಸಿದಳು. "ನನ್ ಮಗ ಇಷ್ಟು ಮುದುಕ ಅಲ್ಲ" ಎಂದಳು. ಗಡ್ಡ ಬಿಟ್ಟು, "ತಮಾಕ್ವಾ, ಉಂಡ್ಯೇನೋ?" ಎಂದಳು.

ಅದು ಕಿರಿಮಗನ ಹೆಸರು. ಯೋಸ್ಟ್ ಉಸಿರು ಬಿಟ್ಟ. ಜೋಳದ ಗಂಜಿಯ ಬಟ್ಟಲು ಕೈಗೆ ಬಂತು. ಉಂಡು ಕೆಳಗಿಟ್ಟ. ಅವಳ ತಮ್ಮ ಎದ್ದು ಬಂದು ಕೊಡಲಿಯನ್ನು ಅವನ ಮೊಣಕಾಲಿನ ಮೇಲಿಟ್ಟ.

"ನಿಮ್ಮಣ್ಣನ್ನ ಕೊಂದವ್ನ ಮನೆ ದಾರಿ ನಿಂಗೊತ್ತಲ್ಲ, ಅಳಿಯ. ನೀನು ಕೂಗಿದ್ರೆ ಬಾಗಿಲು ತೆಗೀತಾನೆ."