ಅವ್ವನ ನಾಲ್ಕು ಪಟ

ಮಣ್ಣಿನ ಗೋಡೆಗೆ ಮೊಳೆ ಹೊಡೆಯುವುದು ಸುಲಭವೆಂದು ತಿಳಿದವರು ಒಮ್ಮೆ ಹೊಡೆದು ನೋಡಬೇಕು. ಮೆಲ್ಲಗೆ ಹೊಡೆದರೆ ಮೊಳೆ ನಿಲ್ಲುವುದಿಲ್ಲ. ಜೋರಾಗಿ ಹೊಡೆದರೆ ಅಂಗೈಯಗಲದ ಗಾರೆ ಕಳಚಿ ಕಾಲಿನ ಮೇಲೆ ಬೀಳುತ್ತದೆ. ಹೇಗೋ ನಿಂತಿತು ಎನ್ನೋಣ. ಆಮೇಲೆ ಅದಕ್ಕೆ ಗಾಜು ಹಾಕಿದ ಪಟವೊಂದನ್ನು ತೂಗುಹಾಕಿ ಅದರ ಕೆಳಗೆ ನಿಶ್ಚಿಂತೆಯಿಂದ ಕೂತು ಊಟ ಮಾಡುವ ಎದೆಗಾರಿಕೆ ನನಗಂತೂ ಇಲ್ಲ. ತುತ್ತಿಗೊಮ್ಮೆ ತಲೆಯೆತ್ತಿ ನೋಡುತ್ತೇನೆ. “ಬೀಳಲ್ಲ, ಉಣ್ರೀ” ಎಂದು ನನ್ನ ಹೆಂಡತಿ ಹೇಳಿ ಹೇಳಿ ಸಾಕಾಗಿ, ಈಗ ಎಲೆಯನ್ನೇ ಆಚೆ ಹಾಕುತ್ತಾಳೆ. ಶಾಲೆಗೆ ಹೊರಟವನು ಬೀದಿಯ ತಿರುವಿನಿಂದ ಹಿಂದಿರುಗಿ ಬಂದು ಬಾಗಿಲ ಚಿಲಕ ಮುಟ್ಟಿ ನೋಡುವ ಉಪಾಧ್ಯಾಯ ತರೀಕೆರೆಯಲ್ಲಿ ಒಬ್ಬನೇ, ಅವನು ನಾನು.

ಆದರೂ ಪಟಗಳ ಹುಚ್ಚು ನನಗೆ ಹಿಡಿದದ್ದು ನಿಜ. ನಾನು ಹುಡುಗನಾಗಿದ್ದಾಗ ನಮ್ಮ ಗೋಡೆಗಳ ಮೇಲೆ ಏನೂ ಇರುತ್ತಿರಲಿಲ್ಲ. ಇದ್ದರೆ ಅಪ್ಪನ ರುಮಾಲು, ಒರಗಿಸಿಟ್ಟ ಒನಕೆಯ ಗುರುತು, ಹಬ್ಬಕ್ಕೆ ಬಳಿದ ಸುಣ್ಣ. ದೇವರನ್ನು ನೋಡಬೇಕಾದರೆ ಗುಡಿಗೆ ಹೋಗಬೇಕಿತ್ತು. ರೈಲು ಬಂದ ಮೇಲೆ ದೇವರೇ ಬೀರೂರಿನಲ್ಲಿ ಗಾಡಿ ಬದಲಿಸಿ ನಮ್ಮೂರಿಗೆ ಬಂದಿಳಿಯತೊಡಗಿದ. ಸ್ಟೇಷನ್ನಿನ ಹೊರಗೆ, ಹುಣಿಸೆಮರದ ಕೆಳಗೆ, ಒಬ್ಬ ವ್ಯಾಪಾರಿ ಸಂತೆಯ ದಿನ ಗೋಣಿ ಹಾಸಿ ಅಚ್ಚಿನ ಪಟಗಳನ್ನು ಹರಡುತ್ತಿದ್ದ. ಬೊಂಬಾಯಿಯ ಕಡೆಯಿಂದ ಬಂದ ಲಕ್ಷ್ಮಿ, ಸರಸ್ವತಿ, ತೊಟ್ಟಿಲ ಕೃಷ್ಣ, ಮಹಾರಾಜರ ಮೆರವಣಿಗೆ. ಒಂದು ಸೇರು ರಾಗಿ ಕೊಳ್ಳುವವನು ಅದರ ಜೊತೆಗೇ ಕೊಂಡು ಹೋಗುವಷ್ಟು ಅಗ್ಗ. ನಾನು ಮೊದಲ ಸಲ ಸರಸ್ವತಿಯನ್ನು ಸುರುಳಿ ಸುತ್ತಿಸಿಕೊಂಡು ಮನೆಗೆ ತಂದಾಗ ಎಷ್ಟು ಹಿಗ್ಗಿದ್ದೆನೆಂದರೆ, ನಮ್ಮ ನಡುಮನೆಗೆ ಕಿಟಕಿಯೊಂದು ಹೆಚ್ಚಾದಂತೆ ಅನ್ನಿಸಿತ್ತು.

ಹಿಗ್ಗು ಒಂದು ವಾರ ಉಳಿಯಿತು. ಎದುರುಮನೆಯಲ್ಲಿ ಅದೇ ಸರಸ್ವತಿ, ಅದೇ ವೀಣೆ, ಅದೇ ನವಿಲು. ಬಟ್ಟೆಯಂಗಡಿಯಲ್ಲೂ ಅವಳೇ. ಸರಸ್ವತಿ ಎಲ್ಲರವಳು ಹೌದು, ಅದರಲ್ಲಿ ತಪ್ಪೇನಿಲ್ಲ. ಆದರೂ ಮಿತ್ರರೇ, ನಮ್ಮ ಗೋಡೆಗೆ ನಮ್ಮದೇ ಆದ ಒಂದು ಮುಖ ಬೇಕು ಎಂಬ ಆಸೆ ಹುಟ್ಟಿದ್ದು ಆಗ. ಆಸೆಯ ಬೆನ್ನಿಗೇ ಭಯವೂ ಹುಟ್ಟಿತು. ಅವ್ವನಿಗೆ ಹಿಂದಿನ ಚಳಿಗಾಲದಲ್ಲಿ ಎದೆನೋವು ಬಂದು ಹೋಗಿತ್ತು. ಇನ್ನೊಮ್ಮೆ ಬಂದರೆ? ಅವಳ ಮುಖ ಎಲ್ಲಿ ಉಳಿಯುತ್ತದೆ?

ಇದನ್ನೇ ಹಗಲಿರುಳು ಮೆಲುಕು ಹಾಕುತ್ತಿದ್ದಾಗ ಫೋಟೋ ತೆಗೆಯುವವನೊಬ್ಬ ತನ್ನ ಮೂರು ಕಾಲಿನ ಪೆಟ್ಟಿಗೆಯೊಂದಿಗೆ ಬಂದು ಛತ್ರದಲ್ಲಿ ಇಳಿದ. ನಾಲ್ಕೇ ದಿನ ಇರುತ್ತಾನಂತೆ, ಆಮೇಲೆ ಶಿವಮೊಗ್ಗಕ್ಕೆ ಹೋಗುತ್ತಾನಂತೆ. ಒಂದು ಗಾಜಿನ ಹಲಗೆಯ ಮೇಲೆ ಬಿಂಬ ಹಿಡಿದು, ಅದರಿಂದ ಕಾಗದದ ಮೇಲೆ ಬೇಕಾದಷ್ಟು ಪಟ ಇಳಿಸಿಕೊಡುತ್ತಾನೆ. ನಾನು ಅಪ್ಪನ ಮುಂದೆ ಮಾತೆತ್ತಿದೆ. ಅಪ್ಪ ಬೇಡವೆನ್ನಲಿಲ್ಲ, ಆದರೆ ‘ಬೇಕಾದಷ್ಟು’ ಎಂಬ ಮಾತು ಅವನ ಕಿವಿಗೆ ಮುಳ್ಳಾಯಿತು.

“ಬೇಕಾದಷ್ಟು ಅಂದ್ರೇನೋ? ನಾಳೆ ಅವನು ನಿಮ್ಮವ್ವನ್ನ ಹುಣಸೇಮರದ ಕೆಳಗೆ ಗೋಣಿ ಮೇಲೆ ಹರವ್ತಾನೇನೋ? ಲೆಕ್ಕ ಹಾಕಿ ನಾಲ್ಕು. ಆಮೇಲೆ ಗಾಜು ನನ್ನ ಕಣ್ಮುಂದೆ ಒಡೀಬೇಕು. ಒಪ್ಪಿದ್ರೆ ಬರ್ಲಿ, ಇಲ್ದಿದ್ರೆ ಅವನ ದಾರಿ ಅವನು ನೋಡ್ಕಳ್ಳಿ.”

ಫೋಟೋದವನು ನಕ್ಕು ಒಪ್ಪಿದ. ನಮ್ಮ ಕಡೆಯ ಮನೆಗಳಲ್ಲೆಲ್ಲ ಹೆಂಗಸರ ಪಟಕ್ಕೆ ಇದೇ ಕರಾರಂತೆ. ಗಾಜು ಒಡೆದು ಒಡೆದು ಅವನಿಗೆ ಅಭ್ಯಾಸವಾಗಿತ್ತು. ನಾಲ್ಕು ಯಾರು ಯಾರಿಗೆಂಬುದೂ ಅಂದೇ ತೀರ್ಮಾನವಾಯಿತು: ನಮ್ಮ ನಡುಮನೆಗೆ ಒಂದು, ಅಜ್ಜಂಪುರಕ್ಕೆ ಕೊಟ್ಟ ಅಕ್ಕನಿಗೆ ಒಂದು, ಲಿಂಗದಹಳ್ಳಿಯ ಸೋದರಮಾವನಿಗೆ ಒಂದು, ಅವ್ವನಿಗೇ ಒಂದು.

ಮರುದಿನ ಬೆಳಿಗ್ಗೆ ಅವ್ವ ಎಂದಿಗಿಂತ ಬೇಗ ಎದ್ದು ಮಿಂದು, ಎಂದಿಗಿಂತ ದಟ್ಟವಾಗಿ ಕೆನ್ನೆಗೆ ಅರಿಸಿನ ತೊಡೆದುಕೊಂಡು, ಕಾಸಗಲ ಕುಂಕುಮವಿಟ್ಟು ಹಿತ್ತಲಿನ ಬೆಳಕಿನಲ್ಲಿ ಬಂದು ಕೂತಳು. ಫೋಟೋದವನು ಕರಿಯ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು ನಿಂತುಬಿಟ್ಟ.

“ಅಮ್ಮಾ, ಮುಖ ತೊಳ್ಕೊಂಡು ಬರ್ಬೇಕು. ಈ ಗಾಜಿಗೆ ಹಳದಿ ಕಾಣಲ್ಲ. ಅರಿಸಿನ ಇದ್ದಷ್ಟೂ ಜಾಗ ಕಪ್ಪಾಗಿ ಬೀಳ್ತದೆ.”

ಅವ್ವ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಮುತ್ತೈದೆ ಕೈಲಿ ಅರಿಸಿನ ತೊಳೆಸ್ತಾರೇನೋ? ನಿಮ್ಮಪ್ಪ ಅಲ್ಲಿ ಗಟ್ಟಿಮುಟ್ಟಾಗಿ ಕುಂತವ್ರೆ. ಇದ್ಕೋಸ್ಕರ ನಾನು ಬರೀ ಮುಖದಲ್ಲಿ ಕುಂತ್ಕಂಡ್ರೆ ಯಾರಿಗೆ ಒಳ್ಳೇದಾಗ್ತದೆ?”

ಅರಿಸಿನ ಅಳಿಸುವ ದಿನ ಹೆಂಗಸಿಗೆ ಒಂದೇ, ಅದು ಯಾವುದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅತ್ತ ಬಿಸಿಲು ಏರುತ್ತಿತ್ತು, ಇತ್ತ ಫೋಟೋದವನು ಮೋಡದ ಕಡೆ ನೋಡುತ್ತಿದ್ದ. “ಹಂಗೇ ತೆಗೀರಿ” ಎಂದೆ. ಅವ್ವ ಉಸಿರು ಬಿಗಿಹಿಡಿದು ಕೂತಳು. ಅವಳಿಗಿಂತ ಹೆಚ್ಚು ಹೊತ್ತು ನಾನು ಹಿಡಿದಿದ್ದೆ.

ಪಟಗಳು ಮೂರನೆಯ ದಿನ ಬಂದವು. ಸೀರೆಯ ಅಂಚು ಅವ್ವನದು, ಕೈಬಳೆ ಅವ್ವನದು, ಮೂಗುಬೊಟ್ಟು ಅವಳದೇ. ಮುಖ ಮಾತ್ರ ಬೇರೆ ಯಾರದೋ. ಎಣ್ಣೆಗೆಂಪಿನ, ಅರಿಸಿನ ಹೊಳೆಯುವ ನನ್ನ ಅವ್ವನ ಜಾಗದಲ್ಲಿ ಕಪ್ಪು ಕೆನ್ನೆಯ, ಆಳವಾದ ಕಣ್ಣಿನ, ಹತ್ತು ವರ್ಷ ಹೆಚ್ಚಾದ ಒಬ್ಬಳು ಕೂತಿದ್ದಳು. ಫೋಟೋದವನಿಗೂ ಪಾಪವೆನ್ನಿಸಿ, ಇನ್ನೊಂದು ಗಾಜಿದೆ, ಸಂಜೆಯ ಗಾಡಿಗೆ ಮೊದಲು ಮತ್ತೊಮ್ಮೆ ತೆಗೆಯುತ್ತೇನೆ, ತೊಳೆಯುವುದು ಬೇಡ, ಸ್ವಲ್ಪ ಒರೆಸಿಕೊಂಡರೂ ಸಾಕು ಎಂದ. ನಾನು ಪಟ ಹಿಡಿದು ಅಡುಗೆಮನೆಗೆ ಓಡಿದೆ, ಅವ್ವ ನೋಡಿ ಬೇಸರಪಟ್ಟರೆ ಒಪ್ಪಿಯಾಳೆಂಬ ಆಸೆಯಿಂದ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಪಟ ಇಸಿದುಕೊಂಡಳು. ಒಲೆಯ ಬೆಳಕಿಗೆ ಹಿಡಿದಳು, ಬಾಗಿಲ ಬೆಳಕಿಗೆ ಹಿಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

“ಇದು ನಮ್ಮವ್ವ ಕಣೋ.”

ಅವಳ ತಾಯಿ, ನಾನು ಕಾಣದ ಅಜ್ಜಿ, ಕಪ್ಪಗಿದ್ದಳಂತೆ. ಅವ್ವನಿಗೆ ಎಂಟು ತುಂಬುವ ಮೊದಲೇ ತೀರಿಕೊಂಡವಳು. ಮುಖವೇ ನೆನಪಿಗೆ ಬರದೆ ಎಷ್ಟೋ ವರ್ಷವಾಗಿತ್ತಂತೆ. ಹೇಳುತ್ತ ಹೇಳುತ್ತ ಅವ್ವ ಅತ್ತಳು, ನಕ್ಕಳು, ಪಟದ ಗಲ್ಲವನ್ನು ಹೆಬ್ಬೆರಳಿನಿಂದ ಸವರಿದಳು. ನಾನು ಇನ್ನೊಂದು ಗಾಜಿನ ಮಾತೆತ್ತಿದೆ. “ಇನ್ನೊಂದು ತೆಗೆಸಿ ಇವಳನ್ನ ಏನ್ಮಾಡ್ತೀಯಾ?” ಎಂದು ಕೇಳಿದಳು. ಅಲ್ಲಿಗೆ ಮುಗಿಯಿತು. ಅವಳಿಗೆ ಅವಳ ತಾಯಿ ಸಿಕ್ಕಿದ್ದಳು, ನನಗೆ ನನ್ನ ತಾಯಿ ಸಿಗಲಿಲ್ಲ. ಇದನ್ನು ಅವಳ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ.

ಗಾಜನ್ನು ಬಟ್ಟೆಯೊಗೆಯುವ ಕಲ್ಲಿನ ಮೇಲೆ ಒಡೆದವನು ನಾನೇ. ಒಡೆಯುವ ಮೊದಲು ಆಕಾಶಕ್ಕೆ ಹಿಡಿದು ನೋಡಿದೆ. ಅದರಲ್ಲಿ ಎಲ್ಲವೂ ತಿರುವುಮುರುವು, ಕಪ್ಪೆಲ್ಲ ಬಿಳುಪು. ಅವ್ವನ ತಲೆಗೂದಲು ಹಾಲಿನಷ್ಟು ಬೆಳ್ಳಗಿತ್ತು. ಅವಳನ್ನು ಮುದುಕಿಯಾಗಿ ನಾನು ನೋಡಿದ್ದು ಆಗ ಒಂದೇ ಸಲ. ಅಪ್ಪ ಪಕ್ಕದಲ್ಲಿ ನಿಂತು ಚೂರುಗಳನ್ನು ಮಣ್ಣಿನಲ್ಲಿ ಹೂಳಿಸಿದ.

ಎರಡು ವರ್ಷಕ್ಕೆ ನಾನು ಅಂಜಿದ್ದೇ ಆಯಿತು. ಅವ್ವ ಮುತ್ತೈದೆಯಾಗಿಯೇ ಹೋದಳು. ಅವಳ ಪಾಲಿನ ಪಟವನ್ನು ಅಪ್ಪ ಅವಳ ಎದೆಯ ಮೇಲಿಟ್ಟು ಕಳಿಸಿದ. ಲಿಂಗದಹಳ್ಳಿಯ ಮಾವನದು ಗೆದ್ದಲಿಗೆ ಹೋಯಿತು. ಅಪ್ಪನೂ ತೀರಿಕೊಂಡ. ಉಳಿದದ್ದು ಎರಡು: ಅಕ್ಕನದೊಂದು, ನಮ್ಮ ನಡುಮನೆಯದೊಂದು. ಎಣಿಸಿದಷ್ಟೂ ಪ್ರೀತಿ ಹೆಚ್ಚುವ ಸ್ವಭಾವ ಮನುಷ್ಯನದು. ಗೋಡೆಗೊಂದು ಅಪೂರ್ವ ವಸ್ತು ಬೇಕೆಂದು ಹಂಬಲಿಸಿದವನು ನಾನು; ಅಪೂರ್ವವಾಗುವುದೆಂದರೆ ಹೀಗೆ ಒಂದೊಂದಾಗಿ ಕಡಿಮೆಯಾಗುವುದೆಂದು ಆಗ ಹೊಳೆದಿರಲಿಲ್ಲ. ಗೆದ್ದಲು, ಬಿಸಿಲು, ಸೋರಿಕೆ, ಮೊಳೆ, ಎಲ್ಲಕ್ಕೂ ಹೆದರಿ ಕಾದುಕೊಂಡೆ. ಮೊದಮೊದಲು ಯಾರು ಬಂದು ನೋಡಿದರೂ, “ಅವ್ವ ಹೀಗಿರಲಿಲ್ಲ, ಇದು ಅರಿಸಿನದ ದೋಷ” ಎಂದು ವಿವರಿಸುತ್ತಿದ್ದೆ. ಬರಬರುತ್ತ ವಿವರಿಸುವುದನ್ನು ಬಿಟ್ಟೆ.

ಈಚೆಗೆ ನನ್ನ ಮಗಳು, ಏಳು ವರ್ಷದವಳು, ಪಟದ ಕೆಳಗೆ ಕೂತು, ಅಜ್ಜಿ ಯಾಕೆ ಇಷ್ಟು ಕಪ್ಪು ಎಂದು ಕೇಳಿದಳು. ಬಹಳ ದಿನದ ಮೇಲೆ ಗಾಜು, ಬೆಳಕು, ಅರಿಸಿನದ ಕಥೆಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಹಂಗಾದ್ರೆ ಅಜ್ಜಿ ಹೆಂಗಿದ್ರು?” ಎಂದಳು.

ಬಾಯಿ ತೆರೆದೆ. ಕಣ್ಣು ಮುಚ್ಚಿದೆ. ಕಪ್ಪು ಕೆನ್ನೆಯ ಆ ಹೆಂಗಸೇ ಬಂದು ನಿಂತಳು. ಅವಳನ್ನು ಸರಿಸಿ ಹಿಂದೆ ಹುಡುಕಿದೆ. ಅಲ್ಲಿ ಯಾರೂ ಇರಲಿಲ್ಲ. ಒಲೆಯ ಮುಂದೆ ಬಾಗಿದ ಅವ್ವ, ಬಾವಿಯಿಂದ ಬರುವ ಅವ್ವ, ಯಾವ ಅವ್ವನನ್ನು ಕರೆದರೂ ಅದೇ ಮುಖ ಹೊತ್ತು ಬರುತ್ತಿದ್ದಳು. ಕೇರಿಯ ಹಿರಿಯರನ್ನು ಕೇಳಿದರೆ “ಲಕ್ಷಣವಾಗಿದ್ಲು” ಎಂದರು. ಲಕ್ಷಣವಾಗಿಲ್ಲದ ತಾಯಿ ಯಾರಿದ್ದಾಳೆ?

ಆ ಭಾನುವಾರವೇ ಬೀರೂರಿನಲ್ಲಿ ಗಾಡಿ ಬದಲಿಸಿ ಅಜ್ಜಂಪುರಕ್ಕೆ ಹೋದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಅವ್ವನನ್ನು ನನಗಿಂತ ಮೊದಲಿನಿಂದ ಬಲ್ಲವಳು, ನನ್ನ ಹಾಗೆ ಪುಕ್ಕಲಿಯಲ್ಲ. ಅವಳ ಬಳಿ ಇದ್ದೇ ಇರುತ್ತದೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅವಳು ಪಡಸಾಲೆಯಲ್ಲಿ ಕೂತು ಕೊಬ್ಬರಿ ಬಿಡಿಸುತ್ತಿದ್ದಳು.

“ಏನಪ್ಪಾ, ಹೇಳದೆ ಕೇಳದೆ ಬಂದ್ಬಿಟ್ಟೆ?”

“ಅಕ್ಕಾ, ಅವ್ವನ ಮುಖ ಹೆಂಗಿತ್ತು ಹೇಳು.”

ಅಕ್ಕ ನಕ್ಕಳು, “ಇದೊಳ್ಳೆ ಕೇಳ್ದೆ ಕಣೋ” ಎಂದಳು. ಹೇಳುವ ಮೊದಲು ತಲೆಯೆತ್ತಿ ಗೋಡೆಯ ಕಡೆ ನೋಡಿದಳು.

ನಾನು ಎದ್ದು ಹೋಗಿ ಅವಳ ಪಟವನ್ನು ಕೆಳಗಿಳಿಸಿ ಚಾಪೆಯ ಮೇಲೆ ಬೋರಲು ಹಾಕಿದೆ. “ಈಗ ಹೇಳು.” ಅಕ್ಕ ಕಣ್ಣು ಮುಚ್ಚಿದಳು. ಅವಳ ಕೈಯ ಕೊಬ್ಬರಿ ಹಾಗೇ ನಿಂತಿತು. ಮತ್ತೆ ಕಣ್ಣು ತೆರೆದು ಬೋರಲು ಬಿದ್ದ ಪಟದ ಕಡೆ ನೋಡಿದಳು.

“ಕಾಣ್ತಿಲ್ಲ ಕಣೋ.”

ನಾನು ಪಟವನ್ನು ಎತ್ತಿ ಮತ್ತೆ ತೂಗುಹಾಕಲು ಹೋದರೆ ಅಕ್ಕ ಕೈ ಹಿಡಿದಳು. “ಬ್ಯಾಡ, ಹಂಗೇ ಇರ್ಲಿ ಬಿಡು. ಈ ಮುಖ ನೋಡ್ದೆ ನಾಕು ದಿನ ಇದ್ರೆ, ಅವ್ವ ತಾನಾಗೇ ಬತ್ತಾಳೇನೋ.”

ಊರಿಗೆ ಬಂದು ನಾನೂ ನಮ್ಮ ನಡುಮನೆಯ ಪಟವನ್ನು ಗೋಡೆಯ ಕಡೆ ತಿರುಗಿಸಿದೆ. ಮಗಳು ಶಾಲೆಯಿಂದ ಬಂದವಳೇ ದಿನಾ ಕೇಳುತ್ತಾಳೆ, ಅಜ್ಜಿ ಬಂದ್ರಾ ಎಂದು. ಇವತ್ತಿಗೆ ಒಂಬತ್ತು ದಿನವಾಯಿತು. ಅವ್ವ ಇನ್ನೂ ಬಂದಿಲ್ಲ.