ಮೇಸ್ತ್ರಿ ಹಚ್ಚಿದ ನೇಲ್ ಪಾಲಿಶ್

ಹೋದ ವಾರ ಡ್ರೆಸ್ಸಿಂಗ್ ಟೇಬಲ್ಲಿನ ಕೆಳಗಿನ ಡ್ರಾಯರು ಖಾಲಿ ಮಾಡುತ್ತಿದ್ದೆ. ಹಲ್ಲು ಮುರಿದ ಬಾಚಣಿಗೆ, ಜೋಡಿ ತಪ್ಪಿದ ಓಲೆ, ನಿಂತುಹೋದ ಕೈಗಡಿಯಾರಗಳ ನಡುವಿನಿಂದ ಕೆಂಪು ನೇಲ್ ಪಾಲಿಶಿನ ಪುಟ್ಟ ಶೀಶೆಯೊಂದು ಉರುಳಿಕೊಂಡು ಬಂತು. ಬಣ್ಣವೆಲ್ಲ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಮುಚ್ಚಳ ತಿರುಗಿಸಲು ಸ್ವಲ್ಪ ಬಲ ಬೇಕಾಯಿತು. ತೆರೆದಾಗ ಆ ಮೂಗಿಗೆ ಹತ್ತುವ ವಾಸನೆ ಮಾತ್ರ ಇನ್ನೂ ಹಾಗೇ ಇತ್ತು. ಬಿಳಿ ಮುಚ್ಚಳದ ಮೇಲೆ ಕಪ್ಪು ಗ್ರೀಸಿನ ಹೆಬ್ಬೆರಳ ಗುರುತು. ಗೆರೆಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಅದು ನನ್ನ ಬೆರಳಿನದಲ್ಲ…

ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದುವಾಗ ಸೋಮವಾರ ಪ್ರಾರ್ಥನೆಗೆ ಮುಂಚೆ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು. ಭಾನುವಾರ ಹಚ್ಚಿಕೊಂಡ ಬಣ್ಣವನ್ನು ದಾರಿಯಲ್ಲೇ ಕೆರೆದು ತೆಗೆಯುತ್ತಿದ್ದೆವು. ಆ ಹೆದರಿಕೆ ಒಳಗೆಲ್ಲೋ ಉಳಿದಿತ್ತೋ ಏನೋ, ಮದುವೆಯಾದ ಮೇಲೂ ನೇಲ್ ಪಾಲಿಶ್ ನನ್ನ ಪರ್ಸಿನಲ್ಲಿರುತ್ತಿತ್ತೇ ಹೊರತು ಉಗುರಿಗೆ ಬರುತ್ತಿದ್ದುದು ಅಪರೂಪ. ಈ ಶೀಶೆ ಕೊನೆಯ ಸಲ ಉಪಯೋಗವಾಗಿದ್ದು ಉಗುರಿಗಲ್ಲ, ನಮ್ಮ ಕಾರಿನ ರಬ್ಬರ್ ಪೈಪಿಗೆ. ಹಚ್ಚಿದವರು ಗ್ಯಾರೇಜಿನ ಮೇಸ್ತ್ರಿ.

ನಮ್ಮೂರು ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೆಂಗಿನ ತೋಟ ಶುರುವಾಗುವಲ್ಲಿ ಅವರ ಶೆಡ್ಡು. ಮುಂದೆ ರಸ್ತೆಗೆ ಅಡ್ಡ ಒಂದು ಹಂಪು, ಪಕ್ಕದಲ್ಲಿ ಒಂದು ಚಹಾದಂಗಡಿ. ಆಗಲೇ ಅವರಿಗೆ ಅರವತ್ತರ ಹತ್ತಿರ. ಎಡಗಿವಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು, ಆದರೆ ಅದರಲ್ಲಿ ಏನಾದರೂ ಬರೆದಿದ್ದನ್ನು ನಾನೆಂದೂ ನೋಡಿಲ್ಲ. ಯಾವ ಗಾಡಿ ಬಂದರೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು, ಸಂಗೀತದ ಮೇಷ್ಟ್ರು ಹೊಸ ಶಿಷ್ಯೆಯ ಸ್ವರ ಕೇಳಿದ ಹಾಗೆ. ಬಿಚ್ಚಿದ ಸಾಮಾನಿಗೆ ಚೀಟಿ ಕಟ್ಟುವುದು, ಗುರುತು ಹಾಕುವುದು ಅವರಿಗೆ ಆಗುತ್ತಿರಲಿಲ್ಲ. ನೆನಪು ಇರಬೇಕಾದ್ದು ಕೈಗೆ, ಚೀಟಿಗಲ್ಲ ಎನ್ನುತ್ತಿದ್ದರು.

ನಾನು ಕಾರು ಕಲಿತದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಬೇರೆ ದಾರಿಯಿಲ್ಲದೆ. ನಮ್ಮ ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು. ವಾರಕ್ಕೆರಡು ಸಲ ಚಿತ್ರದುರ್ಗಕ್ಕೆ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋಗಬೇಕು. ನಮ್ಮ ಮನೆಯವರಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ, ಅಷ್ಟು ರಜೆ ಸಿಗುವುದಿಲ್ಲ. ಮನೆಯ ಹಳೆಯ ಬಿಳಿ ಕಾರು ನನ್ನ ಕೈಗೆ ಬಂದದ್ದು ಹಾಗೆ. ಮೊದಮೊದಲು ಹೆದರಿದೆ. ಆಮೇಲೆ… ಹೇಳಿಕೊಳ್ಳಲು ಸಂಕೋಚ, ಆಮೇಲೆ ಮಂಗಳವಾರ ಶುಕ್ರವಾರಗಳಿಗೆ ಕಾಯತೊಡಗಿದೆ. ಅಡುಗೆಮನೆಯಿಂದ ಕೀ ಗೊಂಚಲು ಹಿಡಿದು ಹೊರಡುವಾಗ ನನ್ನ ಹೆಜ್ಜೆಯ ಸದ್ದೇ ನನಗೆ ಬೇರೆಯಾಗಿ ಕೇಳಿಸುತ್ತಿತ್ತು.

ಶ್ರಾವಣದಲ್ಲಿ ಕಾರನ್ನು ಸರ್ವಿಸಿಗೆಂದು ಮೇಸ್ತ್ರಿಯ ಹತ್ತಿರ ಬಿಟ್ಟು ತಂದೆವು. ಅದಾದ ಮೇಲೆ ಶುರುವಾಯಿತು. ರಸ್ತೆಯಲ್ಲಿ ಓಡುವಾಗ ಏನೂ ತೊಂದರೆಯಿಲ್ಲ. ಹಂಪಿನಲ್ಲಿ ನಿಧಾನ ಮಾಡಿದರೆ, ಸರ್ಕಲ್ಲಿನಲ್ಲಿ ನಿಲ್ಲಿಸಿದರೆ, ಇಂಜಿನ್ ಒಂದು ಸಲ ಮೈ ನಡುಗಿಸಿ ಆಫ್ ಆಗಿಬಿಡುತ್ತಿತ್ತು. ನಮ್ಮ ಮನೆಯವರು ಹೈವೇಯಲ್ಲಿ ಓಡಿಸಿ ನೋಡಿ, ಗಾಡಿ ಚೆನ್ನಾಗೇ ಇದೆ, ನೀನು ಕ್ಲಚ್ಚನ್ನು ಬೇಗ ಬಿಡುತ್ತೀಯ ಎಂದರು. ಸಿಟ್ಟಿನಿಂದಲ್ಲ, ತಾಳ್ಮೆಯಿಂದ. ಊಟದ ತಟ್ಟೆಯ ಪಕ್ಕ ಅಂಗೈಯನ್ನು ಪೆಡಲಿನಂತೆ ಎತ್ತಿ ಇಳಿಸಿ ತೋರಿಸಿಕೊಟ್ಟರು. ಆ ತಾಳ್ಮೆಯೇ ನನ್ನನ್ನು ನಂಬಿಸಿತು. ತಪ್ಪು ನನ್ನ ಎಡಗಾಲಿನದೇ ಎಂದು ನಾನೂ ಅಂದುಕೊಂಡೆ. ಮಧ್ಯಾಹ್ನ ಯಾರೂ ಇಲ್ಲದಾಗ ಸೋಫಾದಲ್ಲಿ ಕೂತು ಚಪ್ಪಲಿಯನ್ನು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುವುದನ್ನು ಅಭ್ಯಾಸ ಮಾಡಿದ್ದೂ ಉಂಟು.

ಒಂದು ಶುಕ್ರವಾರ ಹೊಳಲ್ಕೆರೆಯ ಸರ್ಕಲ್ಲಿನಲ್ಲಿ ಕಾರು ಮೂರು ಸಲ ನಿಂತಿತು. ಹಿಂದೆ ಎರಡು ಬಸ್ಸು, ಒಂದು ತೆಂಗಿನಕಾಯಿ ಲಾರಿ. ಬಸ್ಸಿನ ಕಂಡಕ್ಟರು ಬಾಗಿಲಿಂದ ಬಾಗಿ, ಅಮ್ಮಾರು ಇನ್ನೂ ಮನೆಯಿಂದ ಹೊರಟೇ ಇಲ್ಲ ಕಣ್ರಪ್ಪ, ಇಳಿದು ಚಹಾ ಕುಡ್ಕಂಡು ಬರ್ರಿ ಎಂದು ಪ್ರಯಾಣಿಕರಿಗೆ ಕೂಗಿದ. ಎಲ್ಲರೂ ನಕ್ಕರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದ ಅತ್ತೆ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: "ನಿಮ್ಮ ಸಿಸ್ಟರುಗಳು ಇಂಗ್ಲೀಷು ಕಲ್ಸಿದ್ರು, ಡ್ಯಾನ್ಸು ಕಲ್ಸಿದ್ರು. ಕಾಲು ಎಲ್ಲಿಡಬೇಕು ಅಂಬೋದು ಒಂದು ಬಿಟ್ರು ನೋಡು."

ಅವತ್ತು ಸಂಜೆ ಅತ್ತೆಯ ಬಾಯಿಂದ ಎಲ್ಲ ಕೇಳಿದ ಮೇಲೆ ನಮ್ಮ ಮನೆಯವರು, ಇನ್ನೊಂದು ಸಲ ಹೀಗಾದರೆ ಬೇಡ, ಬಾಡಿಗೆ ಕಾರು ಗೊತ್ತು ಮಾಡುತ್ತೇನೆ, ಕೀ ನನ್ನ ಹತ್ತಿರ ಇರಲಿ ಎಂದರು. ನಾನು ಸರಿ ಎಂದೆ. ಪಾತ್ರೆ ತೊಳೆಯುವಾಗ ಮಾತ್ರ ನಲ್ಲಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡೆ.

ಸೋಮವಾರ ಅವರು ಕಚೇರಿಗೆ ಹೋದ ಮೇಲೆ ಕಾರು ತೆಗೆದುಕೊಂಡು ಮೇಸ್ತ್ರಿಯ ಶೆಡ್ಡಿಗೆ ಹೋದೆ. ರಿಪೇರಿಗಲ್ಲ. ನನ್ನ ಕಾಲಿಗೆ ತಕ್ಕ ಹಾಗೆ ಕ್ಲಚ್ ಪೆಡಲನ್ನು ಸ್ವಲ್ಪ ಹೊಂದಿಸಿ ಕೊಡಲು ಆಗುತ್ತದೆಯೇ ಎಂದು ಕೇಳಲು. ಅವರು ಅಚ್ಚರಿಪಡಲಿಲ್ಲ. ಕುಂತ್ಕಳ್ರಿ, ಸ್ಟಾರ್ಟ್ ಮಾಡ್ರಿ, ಗೇರು ಬ್ಯಾಡ, ಎರಡೂ ಕಾಲು ಎತ್ತಿ ಪಕ್ಕಕ್ಕೆ ಇಟ್ಕಳ್ರಿ ಎಂದರು. ಹಾಗೇ ಮಾಡಿದೆ. ಇಂಜಿನ್ ಒಂದೆರಡು ನಿಮಿಷ ಎಳೆದಾಡಿತು, ನಡುಗಿತು, ನಿಂತುಹೋಯಿತು.

"ಈಗ ನಿಮ್ಮ ಕಾಲು ಎಲ್ಲೈತ್ರಿ ಅಮ್ಮಾ?"

"ಇಲ್ಲೇ, ಪಕ್ಕದಲ್ಲಿ."

"ಮತ್ತೆ ಗಾಡಿ ಯಾರು ನಿಲ್ಸಿದ್ರು?"

ಕಣ್ಣು ಒದ್ದೆಯಾಗಿದ್ದು ಅವರಿಗೆ ಕಾಣಬಾರದೆಂದು ಪರ್ಸಿನಲ್ಲಿ ಏನೋ ಹುಡುಕಿದೆ. ಅವರು ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದರು.

ಪ್ಲಗ್ಗು ತೆಗೆದು ನೋಡಿದರು, ಸರಿಯಿತ್ತು. ಆಮೇಲೆ ಇಂಜಿನ್ನಿನ ಪಕ್ಕದಲ್ಲಿದ್ದ, ಅಗಲ ಟೋಪಿಯ ಅಣಬೆಯಂಥ ಒಂದು ಬಿಡಿಭಾಗವನ್ನು ತೋರಿಸಿ ಇದರ ಮೇಲೆ ಅನುಮಾನ ಎಂದರು. ಇ.ಜಿ.ಆರ್. ವಾಲ್ವ್ ಅಂತೆ. ಅದೇನು ಮಾಡುತ್ತದೆ ಎಂದು ಕೇಳಿದೆ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ನಿಮ್ಮ ಅತ್ತೇರಿಗೆ ಗೊತ್ತಿರ್ತೈತೆ. ಒಲೆಯೊಳಗೆ ಕೆಂಡದ ಮ್ಯಾಲೆ ಬೂದಿ ಮುಚ್ಚಲ್ವಾ, ಹಂಗೆ. ಸುಟ್ಟ ಹೊಗೇನೇ ಒಂಚೂರು ವಾಪಸ್ ಇಂಜಿನ್ನಿಗೆ ಕೊಡ್ತೈತೆ, ಉರಿ ತಣ್ಣಗಿರ್ಲಿ ಅಂತ. ಜೋರು ಉರಿಯಾಗ ಕೊಟ್ರೆ ಒಳ್ಳೇದು. ಸಣ್ಣ ಉರಿಗೆ ಕೊಟ್ರೆ ಬೆಂಕೀನೇ ಆರ್ತೈತೆ."

ಹಾಗಾದರೆ ಕಾರು ನಿಂತಲ್ಲಿ ಸಣ್ಣ ಉರಿ. ಆಗ ವಾಲ್ವ್ ಮುಚ್ಚಿರಬೇಕು. ನಮ್ಮದು ಆಗಲೂ ತೆರೆದುಕೊಳ್ಳುತ್ತಿತ್ತು. ಇಷ್ಟು ನನಗೆ ಅರ್ಥವಾಯಿತು, ಅರ್ಥವಾಯಿತೆಂದು ಖುಷಿಯೂ ಆಯಿತು.

ವಾಲ್ವ್ ಬಿಚ್ಚಿದರು. ಒಳಗೆಲ್ಲ ಒಲೆಯ ಮೇಲಿನ ಅಟ್ಟದ ಹಾಗೆ ಮಸಿ. ಬೇರೆಯವರಾದರೆ ಇಲ್ಲಿ ಡಬ್ಬಿಯ ತಗಡು ಕತ್ತರಿಸಿ ಅಡ್ಡ ಇಟ್ಟು ಬೋಲ್ಟು ಬಿಗಿದು ಕಳಿಸುತ್ತಾರೆ, ಆಗ ವಾಲ್ವ್ ಇದ್ದೂ ಇಲ್ಲದ ಹಾಗೆ, ಏರಿನಲ್ಲಿ ಇಂಜಿನ್ ಕಟಕಟ ಎನ್ನುತ್ತದೆ ಎಂದರು. ನನ್ನ ತಲೆಯಿಂದ ಒಂದು ಹೇರ್‌ಪಿನ್ ಕೇಳಿ ಇಸಿದುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಪೆಟ್ರೋಲಿನಲ್ಲಿ ಅದ್ದಿ, ಮಸಿಯನ್ನೆಲ್ಲ ಕೆರೆದರು. ವಾಲ್ವಿನ ಒಳಗಿನ ರಬ್ಬರ್ ಪರದೆ ಹರಿದಿದೆಯೋ ಎಂದು ನೋಡುವ ರೀತಿ ತಮಾಷೆಯಾಗಿತ್ತು. ಅದಕ್ಕೊಂದು ಸಣ್ಣ ಪೈಪು ಸಿಕ್ಕಿಸಿ ಬಾಯಿಂದ ಗಾಳಿ ಎಳೆದುಕೊಂಡು ತುದಿಯನ್ನು ನಾಲಗೆಯಿಂದ ಮುಚ್ಚಿದರು. ಪೈಪು ನಾಲಗೆಗೆ ಅಂಟಿಕೊಂಡೇ ಇದ್ದರೆ ಪರದೆ ಗಟ್ಟಿ. ಆಗಲೇ ಚಹಾದಂಗಡಿಯಾಕೆ ಬಂದು, ಚಹಾ ಹಾಕ್ಲಾ ಮೇಸ್ತ್ರಿ ಎಂದು ಕೇಳಿದಳು. ಅವರು ನಾಲಗೆಗೆ ಪೈಪು ಜೋತುಬಿದ್ದಿದ್ದ ಹಾಗೇ ತಲೆಯಾಡಿಸಿ ಎರಡು ಬೆರಳು ತೋರಿಸಿದರು. ನನಗೂ ಒಂದು. ಪರದೆ ಗಟ್ಟಿಯಾಗಿತ್ತು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ, ಮತ್ತೆ ಅದೇ ನಡುಕ. ಮೇಸ್ತ್ರಿ ವಾಲ್ವಿನ ತಲೆಗೆ ಸಿಕ್ಕಿಸಿದ್ದ ತೆಳುವಾದ ಕಪ್ಪು ಪೈಪನ್ನು ಕಿತ್ತರು. ತಕ್ಷಣ ಇಂಜಿನ್ ಸಮಾಧಾನವಾಯಿತು. ಅಳುತ್ತಿದ್ದ ಮಗು ಹೆಗಲಿಗೆ ಬಂದ ಹಾಗೆ. ಪೈಪಿನ ತುದಿಗೆ ಬೆರಳಿಟ್ಟು ನೋಡಿದರು, ನನ್ನನ್ನೂ ಕರೆದು ಬೆರಳಿಡಿಸಿದರು. ನನ್ನ ಬೆರಳ ತುದಿಯನ್ನು ಅದು ಚುರುಕಾಗಿ ಹೀರಿ ಹಿಡಿದುಕೊಂಡಿತು.

ಕಾರ್ಬುರೇಟರಿನಿಂದ ಒಂದೇ ದಪ್ಪದ, ಒಂದೇ ಬಣ್ಣದ ಎರಡು ಪೈಪುಗಳು ಬರುತ್ತಿದ್ದವು. ಒಂದು ಯಾವಾಗಲೂ ಹೀರುತ್ತಿರುತ್ತದೆ. ಇನ್ನೊಂದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ವಾಲ್ವಿಗೆ ಬರಬೇಕಾದ್ದು ಆ ಎರಡನೆಯದು. ನಮ್ಮ ಕಾರಿನಲ್ಲಿ ಅವು ಅದಲುಬದಲಾಗಿದ್ದವು.

ಮೇಸ್ತ್ರಿ ಇಂಜಿನ್ ಆಫ್ ಮಾಡಿದರು. ಬನಿಯನ್ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ, ಬಹಳ ಹೊತ್ತು ಒರೆಸಿಕೊಂಡರು. "ಶ್ರಾವಣದಾಗೆ ಇದನ್ನ ಬಿಚ್ಚಿ ತೊಳೆದೋನು ನಾನೇ ಅಮ್ಮಾ," ಎಂದರು.

ಪೈಪುಗಳನ್ನು ಅವುಗಳ ಜಾಗಕ್ಕೆ ಸಿಕ್ಕಿಸಿದರು. ಆಮೇಲೆ, ಗುರುತೆಂದರೆ ಆಗದ ಆ ಮನುಷ್ಯ, ಗುರುತಿಗೆ ಏನಾದರೂ ಬಣ್ಣ ಇದೆಯೇ ಎಂದು ನನ್ನನ್ನು ಕೇಳಿದರು. ಪರ್ಸಿನಿಂದ ನೇಲ್ ಪಾಲಿಶ್ ತೆಗೆದುಕೊಟ್ಟೆ. ಅಷ್ಟು ದಪ್ಪ ಬೆರಳುಗಳಲ್ಲಿ ಆ ಕಡ್ಡಿಯಂಥ ಬ್ರಷ್ಷನ್ನು ಹಿಡಿದು, ಉಸಿರು ಬಿಗಿಹಿಡಿದು, ಪೈಪಿನ ತುದಿಗೊಂದು ಅದು ಕೂರುವ ಮೂತಿಗೊಂದು ಕೆಂಪು ಉಂಗುರ ಬರೆದರು. ಒಣಗಲೆಂದು ಊದಿದರು ಕೂಡ.

ಕಾರು ಸರಿಹೋಯಿತಲ್ಲ, ವಾಲ್ವಿನಲ್ಲಿ ಏನೋ ಮಸಿ ಕಟ್ಟಿತ್ತೆಂದು ಮನೆಯಲ್ಲಿ ಹೇಳುತ್ತೇನೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಅವರು ಒಪ್ಪಲಿಲ್ಲ.

"ಗಾಡಿ ಸರಿಯಾತಮ್ಮಾ. ಎರಡು ತಿಂಗಳಿಂದ ನಿಮ್ಮ ಮ್ಯಾಲೆ ಕುಂತಿರೋ ಮಾತು ಸರಿಯಾಗಬೇಕಲ್ಲ."

ಅವತ್ತು ಸಂಜೆ ಅವರು ನಮ್ಮ ಮನೆಗೆ ಬಂದರು. ಕೈಗಳನ್ನು ಉಜ್ಜಿ ಉಜ್ಜಿ ತೊಳೆದಿದ್ದರು, ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಇಸ್ತ್ರಿಯ ಮಡಿಕೆ ಇನ್ನೂ ಎದ್ದು ಕಾಣುವ ಬಿಳಿ ಅಂಗಿ. ಕಿವಿಯಲ್ಲಿ ಪೆನ್ಸಿಲ್ ಇರಲಿಲ್ಲ. ಕೂರಲು ಹೇಳಿದರೂ ಕೂರದೆ ವರಾಂಡದ ಕಂಬದ ಹತ್ತಿರ ನಿಂತೇ ಹೇಳಿದರು. "ಸಾರ್, ಪೈಪು ತಪ್ಪಾಗಿ ಸಿಕ್ಕಿಸಿದ್ದೆ ನಾನು. ಗಾಡಿ ನಿಂತಿದ್ದು ನನ್ನ ಕೈಯಿಂದ, ಅಮ್ಮಾರ ಕಾಲಿಂದ ಅಲ್ಲ. ಅಷ್ಟು ಹೇಳಿ ಹೋಗಾಣ ಅಂತ ಬಂದೆ."

ನಮ್ಮ ಮನೆಯವರು ಇರಲಿ ಬಿಡಿ, ಆಗುತ್ತೆ ಎಂದರು. ಮರ್ಯಾದೆಯಿಂದಲೇ ಅಂದರು. ಕಾಫಿ ತರುವಷ್ಟರಲ್ಲಿ ಮೇಸ್ತ್ರಿ ಗೇಟು ದಾಟಿದ್ದರು. ಆ ಲೋಟವನ್ನು ಅತ್ತೆಯೇ ಇಸಿದುಕೊಂಡು ಒಂದು ಗುಟುಕು ಕುಡಿದು, "ಈ ಮನೆಗೆ ಬಂದು ಐವತ್ತು ವರ್ಸಾತು," ಎಂದರು. "ಗಂಡಸು ತಪ್ಪು ನಂದು ಅಂದಿದ್ದು ಈ ವರಾಂಡದಾಗೆ ಇವತ್ತೇ ಕೇಳಿದ್ದು." ನಮ್ಮ ಮನೆಯವರು ಪೇಪರಿನ ಪುಟ ತಿರುಗಿಸಿದರು. ಕೀ ಗೊಂಚಲು ಅಡುಗೆಮನೆಯ ಮೊಳೆಯಲ್ಲೇ ಉಳಿಯಿತು.

ಆದರೆ ಮುಂದಿನ ಸರ್ವಿಸಿಗೆ ನಮ್ಮ ಮನೆಯವರು ಕಾರನ್ನು ಚಿತ್ರದುರ್ಗದ ಒಂದು ದೊಡ್ಡ ಗ್ಯಾರೇಜಿಗೆ ಕೊಟ್ಟರು. ವಯಸ್ಸಾಯಿತು ಮೇಸ್ತ್ರಿಗೆ, ಕೈ ತಪ್ಪುತ್ತಿದೆ ಎಂದರು. ತಪ್ಪನ್ನು ಮುಚ್ಚಿಟ್ಟಿದ್ದರೆ ಮೇಸ್ತ್ರಿ ಆ ಕಾರನ್ನು ಕಳೆದುಕೊಳ್ಳುತ್ತಿರಲಿಲ್ಲ. ವಾಲ್ವಿಗೆ ಅಡ್ಡ ಇಡಲು ಒಂದು ತಗಡಿನ ಚೂರು ಸಾಕಿತ್ತು. ಇದನ್ನು ನಾನು ಅವತ್ತು ಮನೆಯವರಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೀ ನನಗೆ ಉಳಿದಿತ್ತಲ್ಲ, ಮತ್ತೆ ಮಾತು ಬೆಳೆಸುವುದು ಯಾಕೆ ಎನಿಸಿತು…

ಮಂಗಳವಾರ ಶುಕ್ರವಾರ ಅವರ ಶೆಡ್ಡಿನ ಮುಂದೆಯೇ ಹೋಗುತ್ತಿದ್ದೆ. ಹಂಪಿನಲ್ಲಿ ನಿಧಾನ ಮಾಡುತ್ತಿದ್ದೆ, ಕಾರು ನಡುಗುತ್ತಿರಲಿಲ್ಲ. ಅವರು ಕಂಡರೆ ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಇಳಿಯಲು ನಾಚಿಕೆ. ಬೇರೆ ಗ್ಯಾರೇಜಿನ ಸ್ಟಿಕ್ಕರು ಗಾಜಿನ ಮೇಲೆ ಅಂಟಿತ್ತು. ಅತ್ತೆಯ ಮಂಡಿ ವಾಸಿಯಾಯಿತು. ಎಷ್ಟೋ ವರ್ಷ ಕಳೆದು ಅತ್ತೆಯೂ ಹೋದರು. ಮೂರು ವರ್ಷದ ಹಿಂದೆ ಕಾರನ್ನು ಹಿರಿಯೂರಿನವರೊಬ್ಬರು ಕೊಂಡರು. ಕೊಡುವಾಗ ನಾನೇ ಬಾನೆಟ್ ಎತ್ತಿ, ಮಾಸಿದ್ದರೂ ಕಾಣುತ್ತಿದ್ದ ಕೆಂಪು ಉಂಗುರಗಳನ್ನು ತೋರಿಸಿ, ಏನು ಬಿಚ್ಚಿದರೂ ಕೆಂಪಿಗೆ ಕೆಂಪು ಸೇರಿಸಿ ಎಂದು ಹೇಳಿದೆ. ಅವರು ನಕ್ಕು ತಲೆಯಾಡಿಸಿದರು.

ಶೀಶೆ ಸಿಕ್ಕ ಮಾರನೆಯ ದಿನ ಅದನ್ನು ಪರ್ಸಿನಲ್ಲಿಟ್ಟುಕೊಂಡು ಹೊರಟೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹಂಪು ಅಲ್ಲೇ ಇತ್ತು. ಶೆಡ್ಡಿನ ಜಾಗದಲ್ಲಿ ಸಿಮೆಂಟ್ ಇಟ್ಟಿಗೆಗಳನ್ನು ಒಟ್ಟಿದ್ದರು. ಚಹಾದಂಗಡಿಯಾಕೆಗೆ ಕೂದಲು ಪೂರ್ತಿ ನೆರೆತಿತ್ತು, ಆದರೂ ಗುರುತು ಹಿಡಿದಳು. ಬಿಳಿ ಕಾರಿನ ಅಮ್ಮಾರಲ್ವಾ ಎಂದಳು. ಮೇಸ್ತ್ರಿ ತೀರಿಹೋಗಿ ವರ್ಷದ ಮೇಲಾಯಿತಂತೆ. ಕೊನೆಕೊನೆಗೆ ಕಣ್ಣು ಮಂಜಾಗಿತ್ತಂತೆ, ಕಿವಿ ಮಾತ್ರ ಚುರುಕಾಗಿತ್ತಂತೆ.

"ನಿಮ್ಮ ಗಾಡಿ ಹಂಪು ಇಳಿಯಾಗ ಕೈಯಾಗಿನ ಕೆಲಸ ಬಿಟ್ಟು ಕಿವಿ ಕೊಡೋರು ಕಣ್ರಿ. ಸದ್ದು ಸರಿ ಐತೆ ಅಂತಂದು ಮತ್ತೆ ಕೆಲಸಕ್ಕೆ ಕುಂತ್ಕಳೋರು."

ನಾನು ಒಂದು ಚಹಾ ತೆಗೆದುಕೊಂಡೆ. ಪರ್ಸಿನ ಮೇಲೆ ಕೈಯಿಟ್ಟುಕೊಂಡೇ ಕುಡಿದೆ. ಅವರು ತೊಳೆದ ಕೈ, ಇಸ್ತ್ರಿಯ ಅಂಗಿಯಲ್ಲಿ ಈ ಶೆಡ್ಡಿನಿಂದ ನಮ್ಮ ಮನೆಗೆ ನಡೆದೇ ಬಂದಿದ್ದರು. ಅಷ್ಟೇ ದೂರ ಈ ಕಡೆ ಬರಲು, ಕೈಯಲ್ಲಿ ಕಾರಿದ್ದ ನನಗೆ ಇಷ್ಟು ವರ್ಷ ಬೇಕಾಯಿತು.